ಒಂದೂವರೆಯ ನಂತರದ ಪಾಳಿ

ಕಲಬುರಗಿಯಲ್ಲಿ ಬೇಸಿಗೆಯನ್ನು ಯಾರೂ ಹೊಗಳುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಇಷ್ಟು ವರ್ಷ ಆ ಮಧ್ಯಾಹ್ನಗಳನ್ನೆಲ್ಲ ನಿದ್ದೆಯಲ್ಲಿ ಕಳೆದಿದ್ದೆ. ಈ ಸಲ ಅವು ಮಗಳ ಪಾಲಾದವು. ಅಕ್ಟೋಬರ್‌ನಲ್ಲಿ ಹುಟ್ಟಿದ ಕೂಸು. ಹೆಂಡತಿಯ 26 ವಾರಗಳ ಹೆರಿಗೆ ರಜೆ ಏಪ್ರಿಲ್ ನಡುವೆ ಮುಗಿದು ಅವಳು ಬ್ಯಾಂಕಿಗೆ ಮರಳಿದಳು. ಬೆಳಿಗ್ಗೆ ಅವ್ವ, ಮಧ್ಯಾಹ್ನದಿಂದ ನಾನು ಎಂದು ಪಾಳಿ ಹಂಚಿಕೊಂಡೆವು.

ಹೆಂಡತಿ ಬೆಳಿಗ್ಗೆ ಹಿಂಡಿಟ್ಟ ಹಾಲು ಫ್ರಿಜ್‌ನಲ್ಲಿರುತ್ತಿತ್ತು. ಅದನ್ನು ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಬಟ್ಟಲಿಟ್ಟು ತಂಪು ಬಿಡಿಸಬೇಕು ಎಂದು ಹೇಳಿಹೋಗಿದ್ದಳು. ಮೊದಲ ದಿನ ನೀರು ಕಾಯಿಸಲು ಒಲೆ ಹೊತ್ತಿಸಿದೆ. ಮರುದಿನ ಜ್ಞಾನೋದಯವಾಯಿತು: ಮಾಳಿಗೆಯ ಟ್ಯಾಂಕಿನಿಂದ ಬರುವ ನಲ್ಲಿ ನೀರೇ ಎರಡು ಗಂಟೆಗೆ ಕೈ ಸುಡುತ್ತದೆ! ಅದನ್ನೇ ಪಾತ್ರೆಗೆ ಹಿಡಿದು ಬಟ್ಟಲಿಟ್ಟರೆ ಐದು ನಿಮಿಷ ಸಾಕು. (ಸ್ನಾನದ ನೀರನ್ನು ಮಾತ್ರ ಬೆಳಿಗ್ಗೆಯೇ ಬಕೆಟ್‌ನಲ್ಲಿ ತುಂಬಿಡಬೇಕಾಗುತ್ತಿತ್ತು.) ಆಮೇಲೆ ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುವುದು. ಅರ್ಧ ಹಾಲು ಗದ್ದದ ಮೇಲೆ ಇಳಿಯುತ್ತಿರುವಾಗ ಅವಳು ಒಳಲೆಯ ಮೂತಿಯನ್ನು ವಸಡಿನಲ್ಲಿ ಕಚ್ಚಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎಳೆದುಕೊಳ್ಳಲು ಹೋದರೆ ನಗು. "ಕುಡಿಯಲಿಲ್ಲ, ಆಡಿದಳು" ಎಂಬುದು ಸಂಜೆ ಹೆಂಡತಿಗೆ ನಾನು ಒಪ್ಪಿಸುತ್ತಿದ್ದ ವರದಿ.

ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ನೀರಿನ ಜಗಳ ನಡೆದಿತ್ತು. ಕೂಸಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. "ಇಂಥ ಬಿಸಿಲಿನಲ್ಲಿ ಗಂಟಲು ಒಣಗುವುದಿಲ್ಲವೇ? ಒಂದು ಚಮಚ ನೀರು ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದು ಅವ್ವ ದಿನಾ ಕೇಳುತ್ತಿದ್ದಳು. ಎದೆಹಾಲಿನಲ್ಲಿ 100ಕ್ಕೆ ಸುಮಾರು 87 ಭಾಗ ನೀರೇ ಇರುತ್ತದೆ, ಆರು ತಿಂಗಳವರೆಗೆ ಬೇರೆ ನೀರು ಬೇಡ ಎಂದು ಡಾಕ್ಟರ್ ಹೇಳಿದ್ದನ್ನು ನಾನು ಹೇಳಿದೆ. ಅವ್ವನಿಗೆ ಆ ಲೆಕ್ಕ ಹಿಡಿಸಲಿಲ್ಲ. ಹಿಡಿಸಿದ್ದು ಒದ್ದೆ ಬಟ್ಟೆಯ ಲೆಕ್ಕ: ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದರೆ ಕೂಸಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅಪ್ಪನ ಹಳೆಯ ಧೋತರ ಹರಿದು ಮಾಡಿದ ಬಟ್ಟೆಗಳನ್ನು ತಂತಿಗೆ ಹಾಕುತ್ತ ತಾನೇ ಎಣಿಸಿದಳು. ಆ ತುದಿಗೆ ಕೊನೆಯದನ್ನು ಹಾಕುವಷ್ಟರಲ್ಲಿ ಈ ತುದಿಯ ಮೊದಲನೆಯದು ಹಪ್ಪಳವಾಗಿರುತ್ತಿತ್ತು. "ಒಂಬತ್ತು" ಎನ್ನುತ್ತಾ ಒಳಗೆ ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆರು ತುಂಬಿದ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ತೊಗರಿಬೇಳೆ, ಹನಿ ತುಪ್ಪ. ಉಪ್ಪಿಲ್ಲ. ತೊಗರಿಯ ಕಣಜದಲ್ಲಿ ಹುಟ್ಟಿದ ಕೂಸು ಮೂರು ದಿನ ಬೇಳೆಯನ್ನು ಉಗುಳಿತು, ನಾಲ್ಕನೆಯ ದಿನ ಬಾಯಿ ತೆರೆಯಿತು. ಮಾವಿನ ಹಣ್ಣಿನ ತಿರುಳಿಗೆ ಮಾತ್ರ ಇಂಥ ಬಿಗುಮಾನವೇನೂ ಇರಲಿಲ್ಲ.

ನನಗೆ ಹೆಚ್ಚು ಹಿತವಾದ ಹೊತ್ತು ಮೂರರಿಂದ ಐದು. ಕೂಲರ್ ಗಾಳಿ ನೇರ ಮೈಗೆ ಬಡಿಯದಂತೆ ಗೋಡೆಯ ಕಡೆ ತಿರುಗಿಸಿ, ನಡುಮನೆಯ ಶಹಾಬಾದ್ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬರೀ ಲಂಗೋಟಿಯಲ್ಲಿ ಅವಳನ್ನು ಬಿಡುತ್ತಿದ್ದೆ. ಬೋರಲಾದವಳು ಹೊಟ್ಟೆಗೆ ತಂಪು ತಗುಲಿದ ಕೂಡಲೇ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದಳು, ಕಣ್ಣು ದೊಡ್ಡದಾಗುತ್ತಿತ್ತು. ಆಮೇಲೆ ಎರಡೂ ಅಂಗೈಯಿಂದ ಕಲ್ಲಿಗೆ ಪಟಪಟ ಬಡಿತ. ನಾನೂ ಬನಿಯನ್ ಕಳಚಿ ಪಕ್ಕದಲ್ಲಿ ಬೋರಲು. ಅವಳ ಕುತ್ತಿಗೆಯ ಮಡಿಕೆಯಲ್ಲಿ ಎದ್ದಿದ್ದ ಬೆವರುಸಾಲೆ ಇಳಿದದ್ದು ಹೀಗೆ ಮೈಗೆ ಗಾಳಿಯಾಡಿದ ಮೇಲೆಯೇ. ಅದಕ್ಕೂ ಮುಂಚೆ ನಾನು ಒಂದು ವಾರ ಸುರಿದ ಪೌಡರ್ ಬೆವರಿನಲ್ಲಿ ಕಲೆಸಿ ಹಿಟ್ಟಾಗಿ ಕೂತಿತ್ತು, ಅಷ್ಟೆ. ಕರೆಂಟ್ ಹೋದರೆ ಬೀಸಣಿಗೆ. ಹಾಡು ಬಾರದ ನಾನು ಬೀಸುತ್ತ ಹಾಡುತ್ತಿದ್ದೆ, ಅವಳು ಮಲಗುತ್ತಿದ್ದಳು.

ರಾತ್ರಿ ನೀರು ಹೊಡೆದು ಆರಿಸಿದ ಮಾಳಿಗೆಯ ಮೇಲೆ, ಸೊಳ್ಳೆ ಪರದೆಯೊಳಗೆ ಎಲ್ಲರ ಹಾಸಿಗೆ. ಮೇ ಕೊನೆಗೆ ಒಮ್ಮೆ ನಡುರಾತ್ರಿ ಅಡ್ಡಮಳೆ ಬಂದು, ಹಾಸಿಗೆ ಸುತ್ತಿಕೊಂಡು ಓಡಿದೆವು. ಮೊದಲ ಮಳೆಯನ್ನು ಕೂಸಿಗೆ ತೋರಿಸಬೇಕೆಂದು ತಿಂಗಳಿಂದ ಕಾದಿದ್ದೆ. ಅದು ಎಚ್ಚರವೇ ಆಗಲಿಲ್ಲ.

ಜೂನ್‌ನಲ್ಲಿ ಕಚೇರಿ ಮತ್ತೆ ಹತ್ತಕ್ಕೆ. ಮೊದಲ ದಿನ ಮೂರು ಗಂಟೆಗೆ ತಡೆಯಲಾರದೆ ಮನೆಗೆ ಫೋನ್ ಮಾಡಿದೆ.

"ಮಲಗಿ ಅರ್ಧ ಗಂಟೆಯಾಯಿತು" ಎಂದಳು ಅವ್ವ. "ಹಾಡು ಇಲ್ಲದಿದ್ದರೆ ಬೇಗ ಮಲಗುತ್ತದೆ ನೋಡು."