ಮೂಡಿಗೆರೆ ಮಳೆಗೆ ಹಳೇ ತಗಡಿನ ಮಾಡು ಉಳಿಸಿಕೊಂಡದ್ದು

ತಗಡಿನ ಮೇಲೆ ಬಣ್ಣ ನಿಲ್ಲಲ್ಲ, ನಮ್ಮ ಕಡೆ ಮಳೆಗಂತೂ ಒಂದೇ ವರ್ಷಕ್ಕೆ ಎದ್ದು ಬರುತ್ತೆ ಅಂದವರೇ ಎಲ್ಲರೂ. ನೀರಿನ ಅಕ್ರಿಲಿಕ್ ಬಣ್ಣ ಬಳಿದು ಮೂರು ಮಳೆಗಾಲ ಕಳೆಯಿತು. ಗೋದಾಮಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಚೀಲದ ಮೇಲೆ ಒಂದು ಹನಿ ಬಿದ್ದಿಲ್ಲ. ಮಾಡು 1,100 ಚದರಡಿಯಷ್ಟು, ಹಳೇ ಕಾಲದ ದಪ್ಪ ಜಿಐ ಶೀಟು, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು. ಹೊಸದಾಗಿ ಹೊದಿಸೋಕೆ ಕೂಲಿ ಸೇರಿ ಒಂದೂಕಾಲು ಲಕ್ಷದ ಲೆಕ್ಕ ಕೊಟ್ಟಿದ್ದರು. ನನಗೆ ಮುಗಿದದ್ದು 38,000ದ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ದಂಡವಾದ 9,000 ಬೇರೆ.

ಆ ದಂಡದ ಕಥೆ ಮೊದಲು. ಅಂಗಡಿಯವರ ಮಾತು ಕೇಳಿ ಮೊದಲ ಕೈಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಎನಾಮಲ್ ಎಣ್ಣೆ ಬಣ್ಣ ಬಳಿಸಿದೆ. ದೀಪಾವಳಿ ಹೊತ್ತಿಗೆ ಹಾವಿನ ಪೊರೆ ತರ ಸುಲಿದು ಬಂತು. ವಿಚಿತ್ರ ಅಂದರೆ ಸುಲಿದದ್ದು ತುಕ್ಕು ಹಿಡಿದ ಜಾಗದಲ್ಲಲ್ಲ, ತಗಡು ಚೆನ್ನಾಗಿದ್ದ ಕಡೆ. ಎಣ್ಣೆ ಬಣ್ಣ ಸತುವಿನ ಜೊತೆ ಸೇರಿದರೆ ತೇವಕ್ಕೆ ನಡುವೆ ಸಾಬೂನಿನಂಥ ಪದರ ಕಟ್ಟುತ್ತೆ, ಹಿಡಿತ ಹೋಗುತ್ತೆ. ಕಬ್ಬಿಣ ಬಯಲಾದ ಕಡೆ ಅದೇ ಎಣ್ಣೆ ಪ್ರೈಮರ್ ಗಟ್ಟಿಯಾಗಿ ಕೂತಿತ್ತು.

ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಪಾಚಿ ಸಾಯಲಿ ಅಂತ ಕೊಳೆರೋಗಕ್ಕೆ ಹೊಡೆದು ಮಿಕ್ಕಿದ್ದ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಒಂದು ಮೂಲೆಗೆ ಹೊಡೆಸಿದೆ. ಪಾಚಿಯೇನೋ ಸತ್ತಿತು. ಆದರೆ ಮೈಲುತುತ್ತದ ತಾಮ್ರ ಸತುವನ್ನು ತಿನ್ನುತ್ತೆ ಅನ್ನೋದು ಮರೆತಿತ್ತು. ಮುಂದಿನ ವರ್ಷ ಆ ಮೂಲೆಯಲ್ಲೇ ಮೊದಲು ಕೆಂಪು ಚುಕ್ಕೆ ಕಾಣಿಸಿತು. ಬ್ಲೀಚಿಂಗ್ ಪೌಡರೂ ತಗಡಿಗೆ ಒಳ್ಳೇದಲ್ಲ. ಬಟ್ಟೆ ಸೋಪಿನ ಪುಡಿ, ನೈಲಾನ್ ಬ್ರಷ್ಷು, ಧಾರಾಳ ನೀರು ಸಾಕು.

ತೊಳೆಯೋಕೆ ತೋಟಕ್ಕೆ ಔಷಧಿ ಹೊಡೆಯೋ ಎಚ್‌ಟಿಪಿ ಪಂಪೇ ಸಾಕಾಯಿತು. ಮೇಲಿಂದ ಕೆಳಕ್ಕೆ ಮಾತ್ರ ಹೊಡೀಬೇಕು. ಕೆಳಗಿಂದ ಹೊಡೆದರೆ ಶೀಟಿನ ಸಂದಿಯೊಳಗೆ ನೀರು ನುಗ್ಗುತ್ತೆ. ಸಿಲ್ವರ್ ಓಕ್ ಮರದ ಎಲೆ ಕೂತು ಕೊಳೆತ ಪಟ್ಟಿಯಡಿಯೇ ತುಕ್ಕು ಜಾಸ್ತಿ, ಅಲ್ಲಿ ವೈರ್ ಬ್ರಷ್ಷು ಹಾಕಿ. ಚೆನ್ನಾಗಿರೋ ತಗಡಿಗೆ ಅದನ್ನು ಮುಟ್ಟಿಸಬೇಡಿ, ಇರೋ ಸತುವೂ ಹೋಗುತ್ತೆ. ಕಲ್ನಾರಿನ ಶೀಟು ಇರೋರು ಈ ಪಂಪು, ಬ್ರಷ್ಷು ಎರಡನ್ನೂ ಮರೆತುಬಿಡಿ. ಅದರ ನಾರು ಎದೆಗೆ ಹೋದರೆ ಕೆಟ್ಟದ್ದು.

ತೊಳೆದು ಒಣಗಿದ ಮೇಲೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿದೆ. ತೂತು ಬಿದ್ದ ನಾಲ್ಕು ಶೀಟು ಬದಲಾಯಿಸಿದೆ. ಓಡಾಡುವಾಗ ಬೋಲ್ಟಿನ ಸಾಲಿನ ಮೇಲೇ ಕಾಲಿಡಬೇಕು, ಅದರಡಿ ತಗಡು ಹೊರೋ ರೀಪು ಇರುತ್ತೆ. ಬೆಳಕಿನ ಫೈಬರ್ ಶೀಟಿನ ಮೇಲೆ ಹಲಗೆ ಇಲ್ಲದೆ ಯಾರನ್ನೂ ಬಿಡಬೇಡಿ.

ಸೋರೋದು ತಗಡಲ್ಲ, ಬೋಲ್ಟು. ಹೆಚ್ಚಿನ ಹನಿ ಬರೋದು ಒಣಗಿ ಬಿರಿದ ವಾಷರಿನಿಂದ. ತಗಡನ್ನು ರೀಪಿಗೆ ಹಿಡಿದಿರೋ ಎಲ್ಲಾ ಜೆ ಆಕಾರದ ಬೋಲ್ಟಿನ ವಾಷರ್ ಹೊಸದು ಹಾಕಿಸಿದೆ. ಹಿಂದೆ ಯಾರೋ ಸಂದಿಗೆ ತುಂಬಿದ್ದ ಸಿಲಿಕಾನನ್ನು ಬ್ಲೇಡಿನಲ್ಲಿ ಪೂರಾ ಕೆರೆದು ತೆಗೆಸಿದೆ, ಎರಡು ದಿನ ಹಿಡಿಯಿತು. ಅದರ ಮೇಲೆ ಯಾವ ಬಣ್ಣವೂ ಅಂಟಲ್ಲ. ಡಾಂಬರಿನ ತೇಪೆಯೂ ಹೋಗಬೇಕು, ಇಲ್ಲದಿದ್ದರೆ ಬಿಳೀ ಬಣ್ಣದೊಳಗಿಂದ ಕಂದು ಕಲೆ ಉಕ್ಕುತ್ತೆ. ಬೋಲ್ಟಿನ ತಲೆಗೂ ಸಂದಿಗೂ ಒಂದು ಕೈ ಬಿಳೀ ಅಕ್ರಿಲಿಕ್ ಬಣ್ಣ ಬಳಿದು, ಹಸಿ ಇರುವಾಗಲೇ ಪಾಲಿಯೆಸ್ಟರ್ ಬಟ್ಟೆ ಪಟ್ಟಿ ಕೂರಿಸಿ, ಮೇಲೆ ಮತ್ತೊಂದು ಕೈ. ಬೋಲ್ಟಿನ ತಲೆಯ ಮಿಶ್ರಣಕ್ಕೆ ಇನ್ನೊಂದು ಸಾಮಾನು ಸೇರಿಸಿದ್ದೇನೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ, ಬಂದವರಿಗೆ ತೋರಿಸ್ತೀನಿ.

ತುಕ್ಕಿನ ಜಾಗಕ್ಕೆ ಮಾತ್ರ ಜಿಂಕ್ ಫಾಸ್ಫೇಟ್ ಪ್ರೈಮರ್, ಹೊಸ ನಾಲ್ಕು ಶೀಟಿಗೆ ನುಣುಪು ಸತುವನ್ನು ಕೊರೆದು ಹಿಡಿಯೋ ಎಚ್ (etch) ಪ್ರೈಮರ್. ಬಿಸಿಲು ಮಳೆ ತಿಂದು ಮಂಕಾದ ಹಳೇ ತಗಡಿಗೆ ಎರಡೂ ಬೇಡ, ನೀರಿನ ಅಕ್ರಿಲಿಕ್ ನೇರ ಹಿಡಿಯುತ್ತೆ. ಮೊದಲ ಕೈ ಲೀಟರಿಗೆ 100 ಮಿಲಿ ನೀರು ಬೆರೆಸಿ ತೆಳ್ಳಗೆ, ಆಮೇಲೆ ಎರಡು ಕೈ ನೀರಿಲ್ಲದೆ. ರೋಲರ್ ತಗಡಿನ ಅಲೆಯ ಉಬ್ಬಿಗೆ ಮಾತ್ರ ತಾಗುತ್ತೆ, ಹಳ್ಳಕ್ಕೆ ನಾಲ್ಕಿಂಚಿನ ಬ್ರಷ್ಷೇ ಬೇಕು. ಅಲೆ ಇರೋದರಿಂದ 1,100 ಅಡಿ ಮಾಡು ಬಳಿಯೋಕೆ 1,250 ಆಗುತ್ತೆ. ಒಟ್ಟು 55 ಲೀಟರ್ ಹೋಯಿತು. 20 ಲೀಟರಿನ ಮೂರು ಬಕೆಟ್ಟಿಗೆ 16,500ರಷ್ಟು, ಕೂಲಿಗೆ 8,000, ಶೀಟಿಗೆ 5,500, ಉಳಿದದ್ದು ಪ್ರೈಮರು, ಬಟ್ಟೆ, ವಾಷರು, ಚಿಲ್ಲರೆ.

ಕಾಲ ಫೆಬ್ರವರಿ. ಕೊಯ್ಲು ಮುಗಿದು ಆಳು ಸಿಗ್ತಾರೆ, ಕಾಫಿ ಹೂ ಅರಳಿಸೋ ಹೂಮಳೆ ಬಂದಿರಲ್ಲ. ಇಬ್ಬನಿ ಆರದೆ ಬ್ರಷ್ಷು ಎತ್ತಬೇಡಿ, ಅಂದರೆ ಹತ್ತು ಗಂಟೆ. ಎರಡೂವರೆಗೆ ನಿಲ್ಲಿಸಿ. ಇನ್ನೊಂದು ಸಾಲು ಮುಗಿಸಿಬಿಡೋಣ ಅಂತ ಐದು ಗಂಟೆವರೆಗೆ ಬಳಿದ ಪಟ್ಟಿ ಬೆಳಗ್ಗೆ ಇಬ್ಬನಿಗೆ ಕರಗಿ ಮಾಡಿನಂಚಿನ ದೋಣಿ ತಗಡಿಗೆ ಹಾಲಿನಂತೆ ಇಳಿದಿತ್ತು. ಬಯಲುಸೀಮೆಯ ಕಡೂರು, ಅರಸೀಕೆರೆ ಕಡೆಯವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಕಾದ ತಗಡಿನ ಮೇಲೆ ಬ್ರಷ್ಷು ಎಳೆಯೋಕೆ ಮುಂಚೆಯೇ ಬಣ್ಣ ಒಣಗಿಬಿಡುತ್ತೆ, ಅದೇ ಕಷ್ಟ.

ಮಿಕ್ಕ ಐದು ಲೀಟರನ್ನು ಹೋಂಸ್ಟೇಗೆ ಅಂತ ಕ್ಯಾರವಾನ್ ಮಾಡಿಟ್ಟ ಹಳೇ ವ್ಯಾನಿನ ತಲೆಗೆ ಬಳಿದು ನೋಡಿದೆ. ನಿಂತಲ್ಲೇ ಇದ್ದಾಗ ಚೆನ್ನಾಗಿತ್ತು. ಚಾರ್ಮಾಡಿ ಘಾಟಿ ಇಳಿದು ಹತ್ತಿದ ಮೇಲೆ ಬಟ್ಟೆ ಹಾಕದ ಕೂಡುಗೆರೆಯಲ್ಲೆಲ್ಲ ಕೂದಲೆಳೆ ಬಿರುಕು. ಗಾಡಿಯ ಮೈ ತಿರುಚುತ್ತೆ, ಬರೀ ಬಣ್ಣ ತಡೆಯಲ್ಲ. ಗಾಳಿಕಿಂಡಿಯ ಅಂಚಿಗೆ ಬ್ಯುಟೈಲ್ ರಬ್ಬರಿನ ಅಂಟು ಟೇಪು, ಸ್ಕ್ರೂ ಸಾಲಿಗೆ ಬಟ್ಟೆ ಕೂರಿಸಿದ ಮೇಲೆ ನಿಂತಿತು.

ಬಿಳೀ ಬಣ್ಣದಿಂದ ಮಧ್ಯಾಹ್ನ ಗೋದಾಮಿನೊಳಗೆ ನಾಲ್ಕೈದು ಡಿಗ್ರಿ ತಂಪು, ಅದು ಲೆಕ್ಕಕ್ಕೆ ಹಿಡಿಯದೆ ಬಂದ ಲಾಭ. ಮೇ ತಿಂಗಳಲ್ಲಿ ಎಲೆ ಗುಡಿಸಿ ದೋಣಿಯ ಕಸ ತೆಗೆಸೋದು ತಪ್ಪಿಸಿಲ್ಲ. ಮಳೆಗಾಳಿ ನೇರ ಬಡಿಯೋ ಪಡುವಣ ಇಳಿಜಾರಿನಲ್ಲಿ ಮಾತ್ರ ಬಣ್ಣ ಸ್ವಲ್ಪ ಸವೆದಿದೆ. ಬರೋ ಫೆಬ್ರವರಿಗೆ ಅಷ್ಟಕ್ಕೇ ಒಂದು ಕೈ, ಒಂದು ಬಕೆಟ್ಟು ಸಾಕು.