ತೋಟದಂಗಳದಲ್ಲಿ ಮೂವತ್ತೇ ಜನರ ಮದುವೆ

ಓಡಿಹೋಗಿ ಮದುವೆಯಾದರು ಅಂದರೆ ನಮ್ಮ ಕಡೆ ಪೊಲೀಸ್ ಸ್ಟೇಷನ್ನೇ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಈಗ 'ಎಲೋಪ್‌ಮೆಂಟ್' ಅನ್ನುವ ಸಣ್ಣ ಮದುವೆ ಆ ಓಟವಲ್ಲ. ಛತ್ರ, ವಾಲಗ, ಸಾವಿರ ಎಲೆಯ ಊಟ ಎಲ್ಲ ಬಿಟ್ಟು, ಮರದ ನೆರಳಲ್ಲಿ ಹತ್ತಿರದವರ ಮುಂದೆ ಮದುವೆಯಾಗುವುದು. ತೀರ್ಥಹಳ್ಳಿ ಕಡೆ ನನ್ನ ಚಿಕ್ಕಪ್ಪನ ಮಗಳ ಮದುವೆ ಹೀಗೇ ಆಯಿತು. ಓಡಾಡಿದವರಲ್ಲಿ ನಾನೂ ಒಬ್ಬ.

ಜಾಗ ಹುಡುಕುವ ಮೊದಲು ಹೆಸರು ಬರೆಯಿರಿ. ಹಾಳೆಯ ಒಂದು ಮಗ್ಗುಲಲ್ಲಿ ಹಿಡಿಸಿದಷ್ಟೇ. 'ಅವರನ್ನು ಕರೆದು ಇವರನ್ನು ಬಿಡೋದಾ?' ಎಂಬ ಅತ್ತೆಯ ಮಾತಿಗೆ ಒಮ್ಮೆ ಸೋತರೆ ಮೂವತ್ತು ಮುನ್ನೂರಾಗುತ್ತದೆ. ಬಿಟ್ಟವರ ಮನೆಗೆ ಮೊದಲೇ ಹೋಗಿ ವಿಷಯ ಹೇಳಿಬನ್ನಿ. ವಾಟ್ಸ್‌ಆ್ಯಪ್ ಫೋಟೊ ನೋಡಿ ತಿಳಿದರೆ ಆ ಮುನಿಸು ಬೇಗ ಇಳಿಯುವುದಿಲ್ಲ.

ಕಾಡು ಚೆಂದ ಎಂದು ಮೀಸಲು ಅರಣ್ಯಕ್ಕೆ ಹಾರ ಹಿಡಿದು ನುಗ್ಗುವಂತಿಲ್ಲ, ಅರಣ್ಯ ಇಲಾಖೆ ಬಿಡುವುದಿಲ್ಲ. ಪರಿಚಯದವರ ತೋಟವೇ ವಾಸಿ. ಆದರೆ ಡಿಸೆಂಬರ್-ಜನವರಿಯಲ್ಲಿ ಅಂಗಳದ ತುಂಬ ಅಡಿಕೆ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಆಳುಗಳಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ರೇಷ್ಮೆ ಸೀರೆಯ ಕೆಳಗೆ ಇಂಬಳ ಹತ್ತುತ್ತದೆ. ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತರ ಹೊತ್ತಿಗೆ ಶುರುಮಾಡಿ. ಅಜ್ಜ-ಅಜ್ಜಿಯರಿಗೆ ಕುರ್ಚಿ ಎಲ್ಲಿ, ಬಚ್ಚಲು ಎಷ್ಟು ದೂರ ಎಂದು ನೀವೇ ನಡೆದು ನೋಡಿ.

ವಿಧಿ ಯಾವುದು? ಕುವೆಂಪು ರೂಪಿಸಿದ ಮಂತ್ರಮಾಂಗಲ್ಯಕ್ಕಿಂತ ಇಂಥ ಮದುವೆಗೆ ಒಪ್ಪುವಂಥದ್ದು ನನಗೆ ಕಂಡಿಲ್ಲ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಒಬ್ಬರು ಓದುತ್ತಾರೆ, ವಧೂವರರು ಪ್ರಮಾಣ ಮಾಡುತ್ತಾರೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದದ್ದೂ ಹೀಗೇ. ಸ್ವಂತ ತೋಟದ ಅನುಕೂಲವಿಲ್ಲದವರು ಕುಪ್ಪಳಿಯ ಹೇಮಾಂಗಣ ಸಭಾಂಗಣದಲ್ಲಿ ವಿಚಾರಿಸಬಹುದು.

ಕಾಗದಪತ್ರದಲ್ಲಿ ಮಾತ್ರ ಉದಾಸೀನ ಬೇಡ. ಹಿಂದೂ ವಿವಾಹ ಕಾಯ್ದೆಯಡಿ ಬರೀ ನೋಂದಣಿ ಸಾಲದು, ವಿಧಿಯೂ ನಡೆದಿರಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಸಪ್ತಪದಿ, ಧಾರೆ ಇಲ್ಲದೆ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ನಿಶ್ಚಿಂತೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯಲ್ಲಿ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆಕ್ಷೇಪಣೆಗೆ 30 ದಿನ ಕಾದು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು. ಸಾಕ್ಷಿಗೆ ಮೂವರು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಗುಟ್ಟಿನ ಆಸೆಯನ್ನು ಅಲ್ಲಿಗೇ ಬಿಡಿ. ಹೆಚ್ಚುವರಿ ಶುಲ್ಕ ಕಟ್ಟಿದರೆ, ತೀರಾ ದೂರವಲ್ಲದ ಜಾಗವಾದರೆ, ಅಧಿಕಾರಿ ನಿಮ್ಮಲ್ಲಿಗೇ ಬರಲು ಕಾಯ್ದೆಯಲ್ಲಿ ಅವಕಾಶವಿದೆ.

ಪ್ರಮಾಣದ ಹಾಳೆಯನ್ನು ರಟ್ಟಿಗೆ ಅಂಟಿಸಿಕೊಳ್ಳಿ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಗಾಳಿಗೆ ಎರಡನೇ ಹಾಳೆ ಹಾರಿ ಅಡಿಕೆ ಮರದ ಬುಡದ ಕಪ್ಪಿಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಬಿತ್ತು. ಮದುಮಗನೇ ಪಂಚೆ ಎತ್ತಿ ಕಟ್ಟಿ ಇಳಿದು ತಂದ. ಶಾಯಿ ಹರಡಿದ್ದರಿಂದ ಅರ್ಧ ಪ್ರಮಾಣವನ್ನು ಚಿಕ್ಕಪ್ಪ ಊಹೆಯ ಮೇಲೆ ಓದಿದರು.

ಊಟಕ್ಕೆ ಊರಿನ ಅಡುಗೆಯವರೊಬ್ಬರು ಸಾಕು. ಬಾಳೆಎಲೆ, ಸ್ಟೀಲ್ ಲೋಟ ಇಟ್ಟುಕೊಂಡರೆ ಸಂಜೆ ಹೆಕ್ಕುವ ಕೆಲಸವಿಲ್ಲ. ಎಲೆಯೆಲ್ಲ ಗೊಬ್ಬರದ ಗುಂಡಿಗೆ.