ಹಳೇ ಪಟ್ಟಿ (ನೋಟ್‌ಬುಕ್), ಹಳೇ ಪುಸ್ತಕ: ಮಳೆ ಬರೋದ್ರೊಳಗೆ ಎಂತ ಮಾಡ್ಬೇಕು

ಎಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬೀಳ್ತದೆ, ಬ್ಯಾಗು ಮೂಲೆ ಸೇರ್ತದೆ, ಆಮೇಲೆ ಜೂನಲ್ಲಿ ಮಳೆ ಹಿಡ್ದ ಮೇಲೆ ನೆನಪಾಗಿ ತೆಗೆದ್ರೆ ಅರ್ಧಕ್ಕೆ ಬೂಸ್ಟು, ಅರ್ಧಕ್ಕೆ ಒರಲೆ (ಗೆದ್ದಲು). ಕಾರವಾರ ಕುಮಟಾ ಕಡೆ ಉಪ್ಪುಗಾಳಿ, ಶಿರಸಿ ಸಿದ್ದಾಪುರ ಕಡೆ ಥಂಡಿ, ಎರಡೂ ಕಡೆ ಕಾಗದ ಬಾಳೋದು ಕಷ್ಟ. ಹಂಗಾಗಿ ಯಾವ್ದು ಇಟ್ಕೊಳ್ಳೋದು, ಯಾವ್ದು ಕೊಡೋದು, ಯಾವ್ದು ರದ್ದಿಗೆ ಅಂತ ಆರಿಸೋ ಕೆಲಸ ಬಿಸಿಲಿದ್ದಾಗ್ಲೇ ಮುಗಿಸ್ಬೇಕು.

ಮೊದ್ಲು ಯಾವ್ದನ್ನ ಈಗ್ಲೇ ಕೊಡಬಾರ್ದು ಅಂತ ನೋಡ್ಕೊಳ್ಳಿ. ಎಸ್ಸೆಸ್ಸೆಲ್ಸಿ ಬರ್ದವ್ರು ರಿಸಲ್ಟ್ ಬರೋ ತನಕ ಒಂದು ಹಾಳೆನೂ ಕೊಡಬೇಡಿ, ಯಾಕಂದ್ರೆ ಪರೀಕ್ಷೆ-2 (ರಿಸಲ್ಟ್ ಆದ ಮೇಲೆ ಅದೇ ವರ್ಷ ಮತ್ತೆ ಬರೆಯೋ ಪರೀಕ್ಷೆ) ಬರೆಯೋ ಪ್ರಸಂಗ ಬಂದ್ರೆ ಸಿಗೋ ಟೈಮು ಬಹಳ ಕಮ್ಮಿ, ಆಗ ಯಾರ್ಯಾರ ಮನೆಗೋ ಹೋಗಿ ನೋಟ್ಸ್ ಕೇಳೋ ಹಂಗಾಗ್ತದೆ. ಫಸ್ಟ್ ಪಿಯುಸಿ ಸೈನ್ಸ್ ಮುಗಿಸ್ದವ್ರಂತೂ ಪುಸ್ತಕ, ನೋಟ್ಸ್ ಎರಡೂ ಇಟ್ಕೊಳ್ಳೇಬೇಕು, ಇಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಬರೆಯೋ ಸಿಇಟಿಗೂ ನೀಟ್‌ಗೂ ಎರಡೂ ವರ್ಷದ ಸಿಲೆಬಸ್ ಬರ್ತದೆ. ಒಂಬತ್ತನೇ ಕ್ಲಾಸಿನ ಗಣಿತದ ಪಟ್ಟಿನೂ ಇರ್ಲಿ, ಹತ್ತರ ಲೆಕ್ಕ ಅದ್ರ ಮೇಲೇ ನಿಂತಿರೋದು.

ಪಠ್ಯಪುಸ್ತಕ ಮನೇಲಿ ಕೂಡಿಡೋದಕ್ಕಿಂತ ಕೆಳಗಿನ ಕ್ಲಾಸಿನ ಮಕ್ಕಳಿಗೆ ಕೊಡೋದು ಒಳ್ಳೇದು. ಸರ್ಕಾರಿ ಶಾಲೇಲಿ ಪುಸ್ತಕ ಫ್ರೀ, ಆದ್ರೆ ಖಾಸಗಿ ಶಾಲೇಲಿ ದುಡ್ಡು ಕೊಟ್ಟು ತಗೊಳ್ಳೋ ಮನೆಗೆ ಒಂದು ಸೆಟ್ ಸಿಕ್ರೆ ದೊಡ್ಡ ಉಪಕಾರ. ಕೊಡೋ ಮುಂಚೆ ಒಳಗಿನ ಪುಟದಲ್ಲಿ ಯಾವ ವರ್ಷದ್ದು ಅಂತ ನೋಡಿ. 2023ರಲ್ಲಿ, ಆಮೇಲೆ 2024ರಲ್ಲೂ ಕನ್ನಡ, ಸಮಾಜ ಪುಸ್ತಕದ ಕೆಲವು ಪಾಠ ಬದಲು ಮಾಡಿದ್ರು, ಅದಕ್ಕಿಂತ ಹಳೇದು ಕೊಟ್ರೆ ಪಾಪ ಮಗು ಇಲ್ದಿದ್ ಪಾಠ ಓದ್ತಾ ಕೂರ್ತದೆ. ಭಾಗ-1, ಭಾಗ-2 ಎರಡೂ ಸೇರಿಸಿ ಕಟ್ಟಿ, ಹರ್ದ ರಟ್ಟಿಗೆ ಅಂಟು ಹಾಕಿ, ಪೆನ್ಸಿಲಲ್ಲಿ ಬರ್ದ ಉತ್ರ ಅಳಿಸಿ ಕೊಡಿ.

ಇನ್ನು ಬರ್ದ ಪಟ್ಟಿಗಳು. ನನ್ ಮಟ್ಟಿಗೆ ಇಲ್ಲಿ ಒಂದೇ ಲೆಕ್ಕ: ಬೋರ್ಡ್ ನೋಡಿ ಇಳಿಸ್ಕೊಂಡ ಪ್ರಶ್ನೋತ್ತರ ಹೋಗ್ಲಿ, ಅದು ಕ್ಲಾಸಲ್ಲಿ ಎಲ್ಲರ ಹತ್ರನೂ ಒಂದೇ ಥರ ಇರ್ತದೆ. ಮಗು ತಾನೇ ಯೋಚ್ನೆ ಮಾಡಿ ಬರ್ದಿದ್ದು ಇರ್ಲಿ. ಜಾತ್ರೆ ಬಗ್ಗೆ ಬರ್ದ ಪ್ರಬಂಧ, ಅಜ್ಜಿಗೆ ಬರ್ದ ಪತ್ರ, ಚಿತ್ರದ ಪಟ್ಟಿ, ಒಂದನೇ ಕ್ಲಾಸಿನ ವಕ್ರ ವಕ್ರ ಅಕ್ಷರದ ಒಂದೆರಡು ಹಾಳೆ. ಪಾಲಕರಿಗೆ ಒಂದು ಮಾತು, ದಯವಿಟ್ಟು ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಆರಿಸಿ, ಅವ್ರು ಇಲ್ದಾಗ ತೆಗೆದು ಹಾಕಿದ್ರೆ ಅವ್ರಿಗೆ ಬಹಳ ನೋವಾಗ್ತದೆ, ಯಾವ ಹಾಳೆ ಅವ್ರಿಗೆ ದೊಡ್ಡದು ಅಂತ ನಮಗೆ ಗೊತ್ತಾಗೋದಿಲ್ಲ.

ಉಳಿದ ಪಟ್ಟೀಲಿ ಹಿಂದಿನ ಖಾಲಿ ಹಾಳೆ ಬಿಚ್ಚಿ, ಒಂದೇ ಅಳತೆದು ಜೋಡಿಸಿ, ದಬ್ಬಣದಲ್ಲಿ ನಡುವೆ ಮೂರು ತೂತು ಮಾಡಿ ಗಟ್ಟಿ ದಾರದಲ್ಲಿ ಹೊಲೀರಿ, ಹಳೇ ರಟ್ಟೇ ಹೊದಿಕೆ. ಮುಂದಿನ ವರ್ಷದ ರಫ್ ಪಟ್ಟಿ ರೆಡಿ, ದುಡ್ಡು ಕೊಟ್ಟು ತರೋದು ಬೇಡ. ಚಾರ್ಟ್ ಪೇಪರ್ ಹಿಂದಿನ ಬದಿ ಅಂಗನವಾಡಿ ಮಕ್ಕಳ ಚಿತ್ರಕ್ಕಾಗ್ತದೆ.

ರದ್ದಿಗೆ ಹಾಕೋ ಮುಂಚೆ ಪ್ಲಾಸ್ಟಿಕ್ ಕವರ್, ಸ್ಪೈರಲ್ ತಂತಿ ತೆಗೀರಿ. ಹೆಸರು, ಫೋಟೋ, ಅಪ್ಪನ ಫೋನ್ ನಂಬರ್, ಎಸ್‌ಎಟಿಎಸ್ ನಂಬರ್ (ಶಾಲೆ ದಾಖಲೇಲಿ ಮಗುವಿನ ಗುರುತಿನ ಸಂಖ್ಯೆ) ಇರೋ ಡೈರಿ ಪುಟ ಹರ್ದು ಬೇರೆ ಮಾಡಿ. ಮಧ್ಯೆ ಸಿಕ್ಕಿರೋ ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಝೆರಾಕ್ಸ್ ಇದೆಯಾ ಅಂತ ಪ್ರತಿ ಪಟ್ಟಿ ಕೊಡವಿ ನೋಡಿ, ನಿಜವಾಗ್ಲೂ ಸಿಗ್ತವೆ. ಮಾರ್ಕ್ಸ್ ಕಾರ್ಡು, ಟಿಸಿ ಇದ್ಯಾವ್ದೂ ಈ ರಾಶಿಗೆ ಬರಬಾರ್ದು. ಬಚ್ಚಲ ಒಲೆಗೆ ಹಾಕೋರಾದ್ರೆ ಬರೀ ಹಾಳೆ ಹಾಕಿ, ಪ್ಲಾಸ್ಟಿಕ್, ಥರ್ಮಾಕೋಲ್ ಮಾಡೆಲ್ ಬೆಂಕಿಗೆ ಬೇಡವೇ ಬೇಡ, ಆ ಹೊಗೆ ವಿಷ.

ಇಟ್ಕೊಳ್ಳೋದನ್ನ ಅರ್ಧ ದಿನ ಬಿಸಿಲಿಗೆ ಹರಡಿ, ಬಿಸಿ ಆರಿದ ಮೇಲೆ ಟ್ರಂಕಿಗೆ ತುಂಬಿ, ಬಿಸಿ ಬಿಸಿ ಮುಚ್ಚಿದ್ರೆ ಒಳಗೇ ಬೆವರ್ತದೆ. ಟ್ರಂಕು ನೆಲಕ್ಕೆ, ಗೋಡೆಗೆ ತಾಗಬಾರ್ದು, ಅಡಿಗೆ ಎರಡು ಹಲಗೆ ತುಂಡು ಕೊಡಿ. ಒಣಗಿದ ಬೇವಿನ ಸೊಪ್ಪು ಹಾಕಿ. ಚಿತ್ರ, ಪ್ರಬಂಧದ್ದು ಹಗಲು ಬೆಳಕಲ್ಲಿ ಮೊಬೈಲಲ್ಲಿ ಫೋಟೋ ತೆಗೆದಿಟ್ರೆ ಇನ್ನೂ ಒಳ್ಳೇದು. ಮಳೆಗಾಲದ ನಡುವೆ ಒಂದಿನ ಚೊಲೋ ಬಿಸಿಲು ಬಿದ್ರೆ ಟ್ರಂಕಿನ ಬಾಯಿ ತೆಗೆದು ಗಾಳಿ ಆಡಿಸಿ.